ಹನ್ನೆರಡು ಎಣಿಕೆಯ ಮೌನ

ದೊಡ್ಡ ಪಿಟೀಲು ಎಂಬ ಅಡ್ಡಹೆಸರಿನ ಮುದುಕನ ಜೊತೆ ಪತ್ತೇದಾರಿ ಸಿನಿಮಾಕ್ಕೆ ಹೋಗುವಷ್ಟು ಗುಂಡಿಗೆ ಈ ಬೀದಿಯಲ್ಲಿ ಯಾರಿಗೂ ಇಲ್ಲ. ಪರದೆಯ ಮೇಲೆ ಹೆಣ ಬಿದ್ದು ಐದು ನಿಮಿಷ ಆಗಿರುವುದಿಲ್ಲ, ಪಕ್ಕದವರ ಕಿವಿಗೆ ಬಗ್ಗಿ, "ಆ ತೋಟದ ಮಾಲಿ ಇದಾನಲ್ಲ, ಅವನೇ" ಎಂದುಬಿಡುತ್ತಾನೆ. ನೋಡದ ಸಿನಿಮಾದ್ದು ಹೀಗೆ, ನೋಡಿದ ಸಿನಿಮಾದ್ದಾದರೆ ಹಾಲಿನಂಗಡಿಯ ಸಾಲಿನಲ್ಲೇ ಹೇಳಿ ಮುಗಿಸುತ್ತಾನೆ. ಕ್ಷೌರದಂಗಡಿಯವನು ಒಂದು ಸಲ ಕತ್ತರಿ ತೋರಿಸಿ, "ಯಜಮಾನ್ರೇ, ಈ ಭಾನುವಾರ ನಾನು ಹೋಗೋ ಸಿನಿಮಾದ ಬಗ್ಗೆ ತುಟಿ ಬಿಚ್ಚಿದ್ರೆ ಅರ್ಧ ಮೀಸೆ ತೆಗೆದು ಕಳಿಸ್ತೀನಿ" ಎಂದು ಬೆದರಿಸಿದ್ದೂ ಉಂಟು. ಜನ ಇದನ್ನು ವಯಸ್ಸಾದವರ ಬಾಯಿಚಪಲ ಎನ್ನುತ್ತಾರೆ. ಚಪಲವಲ್ಲ. ಬಾಯಿ ಬಿಡಬೇಕಾದ ಕಡೆ ಒಂದೇ ಒಂದು ಸಲ ಬಿಡದೆ ಹೋದವನು, ಈಗ ಬೇಡದ ಕಡೆಯೆಲ್ಲ ಬಿಡುತ್ತಾನೆ. ಅದರಿಂದ ಯಾರಿಗೂ ಏನೂ ಪ್ರಯೋಜನವಿಲ್ಲ ಎಂದು ಅವನಿಗೂ ಗೊತ್ತು.

ಅವನ ವಾದ್ಯದ ಹೆಸರು ಚೆಲ್ಲೊ. ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವಂಥದ್ದು. ಬೀದಿಯವರಿಗೆ ಆ ಹೆಸರೆಲ್ಲ ಯಾಕೆ ಬೇಕು? ಮೊದಲ ದಿನ ಅದನ್ನು ಹೊತ್ತುಕೊಂಡು ಬಂದಾಗ ಎದುರುಮನೆಯಾಕೆ ನೋಡಿ, "ಪಿಟೀಲಿಗೆ ಚೆನ್ನಾಗಿ ಊಟ ಹಾಕಿ ಬೆಳೆಸಿದ ಹಾಗಿದೆ" ಎಂದಳಂತೆ. ಅಂದಿನಿಂದ ವಾದ್ಯಕ್ಕೆ ದೊಡ್ಡ ಪಿಟೀಲು ಎಂದು ಹೆಸರಾಯಿತು, ಹೊತ್ತು ತಂದವನಿಗೂ ಅದೇ ಹೆಸರಾಯಿತು. ಸಿನಿಮಾದ ಹಿನ್ನೆಲೆ ಸಂಗೀತ ನುಡಿಸುವ ತಂಡದಲ್ಲಿ, ಹಿಂದಿನ ಸಾಲಿನ ಎರಡನೇ ಕುರ್ಚಿಯಲ್ಲಿ, ಮೂವತ್ತೊಂದು ವರ್ಷ ಕುಳಿತು ಎದ್ದವನು ಅವನು. ಅವನ ಹೆಸರು ಯಾವ ಪರದೆಯ ಮೇಲೂ ಬರಲಿಲ್ಲ. ಬರಬೇಕೆಂದು ಅವನೂ ಹಟ ಹಿಡಿದವನಲ್ಲ.

ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ, ಅವನಿಗಿಂತ ಹದಿಮೂರು ವರ್ಷ ದೊಡ್ಡವಳು. ಅಮ್ಮ ಹೋದಾಗ ಅವನಿಗೆ ನಾಲ್ಕು ವರ್ಷ. ಅಮ್ಮನ ಮುಖ ಹೇಗಿತ್ತು ಎಂದು ಕೇಳಿದರೆ ಅವನಿಗೆ ನೆನಪಾಗುತ್ತಿದ್ದುದು ಅಕ್ಕನ ಮುಖವೇ. ಅಕ್ಕ ಒಂದು ದರ್ಜಿ ಅಂಗಡಿಯಲ್ಲಿ ಕಾಜಾ ಹಾಕುತ್ತಿದ್ದಳು. ಅಂಗಿಯಲ್ಲಿ ಗುಂಡಿ ತೂರಿಸುವ ಸೀಳಿನ ಸುತ್ತ ಒಂದೇ ಅಳತೆಯ ಒತ್ತು ಹೊಲಿಗೆ ಹಾಕುವ ಕೆಲಸ ಅದು. ದಿನಕ್ಕೆ ಎಷ್ಟೋ ಅಂಗಿ, ಅಂಗಿಗೆ ಏಳು ಕಾಜಾ. ಬಾಗಿಲ ಬಳಿ ಬೆಳಕು ಬೀಳುವ ಕಡೆ ಸಣ್ಣ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಮದುವೆಯ ಮಾತು ಬಂದಾಗೆಲ್ಲ, "ತಡೀರಿ, ಈ ಅಂಗಿ ಒಂದು ಮುಗಿಸ್ತೀನಿ" ಅನ್ನುತ್ತಿದ್ದಳು. ಆ ಅಂಗಿ ಮುಗಿಯಲೇ ಇಲ್ಲ. ಮೂವತ್ತು ದಾಟುವಷ್ಟರಲ್ಲಿ ಕಣ್ಣು ಮಂಜಾಯಿತು. ಬೆರಳುಗಳಿಗೆ ಅಭ್ಯಾಸವಾಗಿದ್ದರಿಂದ ಕೆಲಸ ನಿಲ್ಲಲಿಲ್ಲ.

ಅಕ್ಕನಿಗಿದ್ದ ಹುಚ್ಚು ಒಂದೇ, ಕೊಲೆ ಮತ್ತು ಪತ್ತೇದಾರಿಕೆಯ ಸಿನಿಮಾ. ಅದರಲ್ಲೂ ಸಂಗೀತ ಸೇರಿಕೊಂಡಿದ್ದರೆ ಊಟವೂ ಬೇಡ. ಬೀಗ ಹಾಕಿದ ಕೋಣೆಯೊಳಗೆ ನುಡಿಯುವ ಪಿಯಾನೊ, ಕೊಲೆಗೆ ಮುಂಚೆ ಯಾರೋ ಹಾಕುವ ಸಿಳ್ಳೆ, ಅರ್ಧಕ್ಕೆ ನಿಂತ ಗ್ರಾಮಫೋನು, ಇಂಥವನ್ನು ಕಂಡರೆ ಅವಳಿಗೆ ಪ್ರಾಣ. ಕಂಡರೆ ಎಂದು ಹೇಳುವುದೂ ತಪ್ಪು, ಪರದೆಯ ಮೇಲಿನ ಮುಖಗಳು ಅವಳಿಗೆ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ದೀಪ ಆರಿದ ಕೂಡಲೇ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದಳು. ಮಧ್ಯಂತರಕ್ಕೆ ಮುಂಚೆಯೇ, "ಇವನು ಕಣೋ ಕೊಂದಿರೋದು" ಎಂದು ತಮ್ಮನ ತೊಡೆ ಚಿವುಟುತ್ತಿದ್ದಳು. ತಪ್ಪಿದ್ದು ಬಹಳ ಅಪರೂಪ.

"ಹೆಂಗೆ ಗೊತ್ತಾಯ್ತಕ್ಕ?" ಎಂದು ಅವನು ಕೇಳಿದರೆ ಅವಳ ಉತ್ತರ ಯಾವಾಗಲೂ ಒಂದೇ. "ಕಣ್ಣು ನಂಬಬೇಡ. ಕಣ್ಣಿಗೆ ಅವರು ತೋರಿಸಿದ್ದಷ್ಟೇ ಕಾಣುತ್ತೆ. ಕಿವಿಗಾದ್ರೆ ಅವರು ಮುಚ್ಚಿಟ್ಟಿದ್ದೂ ಕೇಳುತ್ತೆ."

ದರ್ಜಿ ಅಂಗಡಿಯ ಮಹಡಿಯಲ್ಲಿ ಒಬ್ಬ ಮುದಿ ವಾದ್ಯಗಾರನಿದ್ದ. ತಮ್ಮನಿಗೆ ಸಂಗೀತ ಹೇಳಿಕೊಡು ಎಂದು ಅವನ ಬೆನ್ನು ಹತ್ತಿದವಳೂ ಅಕ್ಕನೇ. ಪ್ರತಿ ಸಂಜೆ ಅವಳು ಹೊಲಿಯುತ್ತಿದ್ದಳು, ಇವನು ಎದುರಿಗೆ ಕುಳಿತು ಸಾಧನೆ ಮಾಡುತ್ತಿದ್ದ. ಕೆಲಸ ಸಿಕ್ಕಿತು, ಮದುವೆಯಾಯಿತು, ಹೆಂಡತಿ ಬಂದಳು, ಆದರೂ ಆ ಸಂಜೆಯ ಪಾಠ ತಪ್ಪಲಿಲ್ಲ. ಹೆಂಡತಿ ಮೊದಮೊದಲು, "ಇದೇನು ಅಕ್ಕ-ತಮ್ಮನ ದಿನನಿತ್ಯದ ಕಚೇರಿ" ಎಂದು ಮೂಗು ಮುರಿದಳಾದರೂ ಆಮೇಲೆ ತಾನೂ ತರಕಾರಿ ಹೆಚ್ಚುವುದನ್ನು ಆ ಕೋಣೆಗೇ ತಂದಳು. ಅಕ್ಕನನ್ನು ಅವಳು ಅತ್ತಿಗೆ ಎನ್ನುತ್ತಿದ್ದಳು; ಇಬ್ಬರೂ ಎಷ್ಟು ಒಂದಾದರೆಂದರೆ, ಮನೆಯ ಗುಟ್ಟುಗಳು ದೊಡ್ಡ ಪಿಟೀಲಿಗೆ ಕೊನೆಯಲ್ಲಿ ತಿಳಿಯುವಂತಾಯಿತು.

ಈಗ ಮೇಷ್ಟ್ರ ವಿಷಯ. ಸಂಗೀತ ನಿರ್ದೇಶಕರನ್ನು ತಂಡದವರೆಲ್ಲ ಮೇಷ್ಟ್ರೆಂದೇ ಕರೆಯುತ್ತಿದ್ದರು. ಪತ್ತೇದಾರಿ ಸಿನಿಮಾಗಳಿಗೆ ಅವರದು ಎತ್ತಿದ ಕೈ. ಅವರದೊಂದು ಉಪಾಯವಿತ್ತು. ಅನುಮಾನ ಹುಟ್ಟಿಸಬೇಕಾದ ಪಾತ್ರಗಳು ಬಂದಾಗೆಲ್ಲ ಚೆಲ್ಲೊಗಳನ್ನು ತಗ್ಗಿನಲ್ಲಿ ಗುರುಗುಟ್ಟಿಸುವುದು, ನಿಜವಾದ ಕೊಲೆಗಾರ ಬಂದಾಗ ಮಾತ್ರ ಅವುಗಳ ಬಾಯಿ ಮುಚ್ಚಿಸುವುದು. "ಗುರುಗುಟ್ಟಿದ ಕಡೆ ಜನ ತಿರುಗಿ ನೋಡ್ತಾರೆ. ಸುಮ್ಮನಿದ್ದ ಕಡೆ ಯಾರು ನೋಡ್ತಾರಯ್ಯ?" ಎನ್ನುತ್ತಿದ್ದರು. ನುಡಿಸುವವರ ಎದುರಿನ ಸ್ವರ ಬರೆದ ಹಾಳೆಯಲ್ಲಿ ಆ ಜಾಗ ಖಾಲಿ ಗೆರೆಗಳಾಗಿ ಕಾಣುತ್ತಿತ್ತು. ತಂತಿಯ ಮೇಲೆ ಎಳೆಯುವ ಬಿಲ್ಲನ್ನು ತೊಡೆಯ ಮೇಲಿಟ್ಟು ಮನಸ್ಸಿನಲ್ಲೇ ಎಣಿಸಿಕೊಂಡು ಕೂರಬೇಕು. ಒಬ್ಬ ಎಣಿಕೆ ತಪ್ಪಿದರೂ ಇಡೀ ರೀಲು ಮತ್ತೆ ಮೊದಲಿಂದ. ಹಾಗಾಗಿ ಯಾರು ಕೊಂದದ್ದು ಎಂಬುದು ಕಥೆ ಬರೆದವನನ್ನು ಬಿಟ್ಟರೆ ಹಿಂದಿನ ಸಾಲಿನವರಿಗೇ ಮೊದಲು ಗೊತ್ತಾಗುತ್ತಿತ್ತು.

ಒಂದು ವರ್ಷ ತುತ್ತೂರಿಯವನೊಬ್ಬ ಚಹಾ ಅಂಗಡಿಯಲ್ಲಿ ಬಾಯಿ ಸಡಿಲ ಬಿಟ್ಟ. ಸಿನಿಮಾ ಬಿಡುಗಡೆಯಾದ ದಿನ ಚಿತ್ರಮಂದಿರದ ಗೋಡೆಯ ಮೇಲೆ ಕೊಲೆಗಾರ ಯಾರೆಂದು ಸುಣ್ಣದಲ್ಲಿ ಬರೆದಿತ್ತು. ತುತ್ತೂರಿಯವನನ್ನು ಮತ್ತೆ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅಲ್ಲಿಂದಾಚೆ ಮೇಷ್ಟ್ರು ಹೊಸ ಪದ್ಧತಿ ಮಾಡಿದರು. ಪತ್ತೇದಾರಿ ಸಿನಿಮಾದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ತಮ್ಮ ವಾದ್ಯ ಮುಟ್ಟಿ, "ಬಿಡುಗಡೆ ಆಗುವವರೆಗೆ ಹೆತ್ತವರಿಗೂ ಹೇಳಲ್ಲ, ಕಟ್ಟಿಕೊಂಡವರಿಗೂ ಹೇಳಲ್ಲ" ಎಂದು ಮಾತು ಕೊಡಬೇಕು. ಉಳಿದವರು ಆಕಳಿಸುತ್ತ ಹೇಳುತ್ತಿದ್ದರು. ಡ್ರಮ್ಮಿನವನು ಬಾಯಲ್ಲಿದ್ದುದನ್ನು ಅಗಿಯುತ್ತಲೇ ಹೇಳುತ್ತಿದ್ದ. ದೊಡ್ಡ ಪಿಟೀಲು ಮಾತ್ರ ನೆಟ್ಟಗೆ ನಿಂತು, ಕಣ್ಣು ಮುಚ್ಚಿ ಹೇಳುತ್ತಿದ್ದ. ಪರದೆಯ ಮೇಲೆ ಹೆಸರಿಲ್ಲದವನಿಗೆ, ಮಾತು ಉಳಿಸಿಕೊಳ್ಳುವವನು ಎಂಬ ಹೆಸರಾದರೂ ಇರಲಿ ಎಂಬ ಆಸೆ. ಬಡವನ ಜಂಬ ಎನ್ನಿ.

ಅಕ್ಕ ಎಂದೂ ಕೇಳಿದವಳಲ್ಲ. ಕೇಳಿಬಿಟ್ಟರೆ ಚಿತ್ರಮಂದಿರದಲ್ಲಿ ತನಗೇನು ಕೆಲಸ ಎನ್ನುತ್ತಿದ್ದಳು. ಕೇಳಿದ್ದು ಒಂದೇ ಸಲ.

ಆ ವರ್ಷ ಅವಳ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯವರು ಪರೀಕ್ಷೆಯೆಲ್ಲ ಮುಗಿಸಿ, "ಮನೆಗೇ ಕರೆದುಕೊಂಡು ಹೋಗಿ, ಒಂದು ತಿಂಗಳೋ ಇನ್ನೂ ಕಡಿಮೆಯೋ" ಎಂದು ತಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದರು. ಪಿಸುಮಾತಿನಲ್ಲೇ ಹೇಳಿದರು, ಆದರೆ ಅಕ್ಕನ ಕಿವಿ ಎಂಥದೆಂದು ಅವರಿಗೇನು ಗೊತ್ತು! ಅದೇ ವಾರ ಮೇಷ್ಟ್ರ ಹೊಸ ಸಿನಿಮಾದ ಸಂಗೀತ ಮುಗಿದಿತ್ತು. ಅದರ ಕಥೆ ಹೀಗೆ: ತುಂಬಿದ ಸಭಾಂಗಣದಲ್ಲಿ ಹಾಡುತ್ತ ಹಾಡುತ್ತಲೇ ಗಾಯಕಿಯೊಬ್ಬಳು ಸತ್ತು ಬೀಳುತ್ತಾಳೆ. ಅನುಮಾನ ನಾಲ್ವರ ಮೇಲೆ: ಅವಳ ಗಂಡ, ಅವಳ ಎದುರಾಳಿ ಗಾಯಕಿ, ಸಭಾಂಗಣದ ಮ್ಯಾನೇಜರು, ಮತ್ತು ಪಿಯಾನೊ ನುಡಿಸುವವನ ಪಕ್ಕದಲ್ಲಿ ಕೂತು ಅವನಿಗಾಗಿ ಹಾಳೆ ತಿರುವುವ ಹೆಂಗಸು. ಅಕ್ಕನಿಗೆ ಹೇಳಿ ಮಾಡಿಸಿದಂಥ ಸಿನಿಮಾ.

ಕಥೆ ಹೇಳುವುದಕ್ಕೆ ಅಡ್ಡಿಯಿರಲಿಲ್ಲ, ಕೊಲೆಗಾರನ ಗುಟ್ಟು ಮಾತ್ರ ಹೇಳುವಂತಿರಲಿಲ್ಲ. ಒಂದು ಮಧ್ಯಾಹ್ನ ಅವನು ಮಂಚದ ಬಳಿ ಕುಳಿತು ಕಥೆಯನ್ನು ಕೊನೆಯ ರೀಲಿನವರೆಗೆ ಹೇಳಿ ನಿಲ್ಲಿಸಿದ. ಅಕ್ಕ ದಿಂಬಿಗೊರಗಿ ಕೇಳಿದಳು.

"ಬಿಡುಗಡೆ ಯಾವಾಗ?"

"ಇನ್ನೂ ನಾಲ್ಕು ತಿಂಗಳಾಗುತ್ತಂತೆ."

ಅವಳು ಬೆರಳಿನಲ್ಲಿ ಲೆಕ್ಕ ಹಾಕುವಂತೆ ಮಾಡಿ ನಕ್ಕಳು. "ಹಂಗಾದ್ರೆ ಈ ಸಲ ನೀನೇ ಹೇಳ್ಬೇಕು ಕಣೋ. ನನ್ನ ಲೆಕ್ಕ ಅಲ್ಲೀತನಕ ಬರಲ್ಲ."

ಅವನು, "ಮಾತು ಕೊಟ್ಟಿದೀನಕ್ಕ" ಎಂದ. ಹೇಳಿದ ಕೂಡಲೇ ಆ ಮಾತು ಅವನಿಗೇ ಒರಟಾಗಿ ಕೇಳಿಸಿತು.

ಅಕ್ಕ ಕೋಪಿಸಿಕೊಳ್ಳಲಿಲ್ಲ. "ಸರಿ, ಹೆಸರು ಹೇಳಬೇಡ. ನಿನ್ನ ಪಾಲಿಂದು ನುಡಿಸು ಸಾಕು. ಯಾರು ಬರೋವಾಗ ಏನು ನುಡಿಸಿದೆ ಅಂತ ಒಂದೊಂದೇ ನುಡಿಸು."

"ಅದರಿಂದ ಏನು ಗೊತ್ತಾಗುತ್ತೆ?"

"ಅಯ್ಯೋ ದಡ್ಡ, ನಿಮ್ಮ ಮೇಷ್ಟ್ರ ಕಳ್ಳತನ ನನಗೆ ಗೊತ್ತಿಲ್ವಾ? ನಿನ್ನ ದೊಡ್ಡ ಪಿಟೀಲು ಯಾರ ಹತ್ರ ಬಾಯಿ ಮುಚ್ಕೊಳುತ್ತೋ ಅವರೇ ಕೊಲೆಗಾರರು. ಎಷ್ಟು ಸಿನಿಮಾದಲ್ಲಿ ಹಿಡಿದಿದೀನಿ! ಹೇಳಿದ್ರೆ ಮೇಷ್ಟ್ರು ಉಪಾಯ ಬದಲಾಯಿಸಿಬಿಡ್ತಾರೆ ಅಂತ ನಿನಗೂ ಹೇಳಿರಲಿಲ್ಲ."

ಇಷ್ಟು ವರ್ಷ ಮುಚ್ಚಿಟ್ಟ ತನ್ನ ಗುಟ್ಟನ್ನು ಅವಳು ಹೀಗೆ ನಗುನಗುತ್ತ ಬಿಟ್ಟುಕೊಟ್ಟಳು. ಇವನಾದರೋ ಗೋಡೆಗೊರಗಿದ್ದ ವಾದ್ಯದ ಕಡೆ ನೋಡುತ್ತ ಕುಳಿತ. ನುಡಿಸಿದರೆ ಮಾತು ತಪ್ಪಿದಂತೆ, ನುಡಿಸದಿದ್ದರೆ ಸಾಯುವವಳ ಬಾಯಿಗೆ ನೀರು ಕೊಡದ ಹಾಗೆ. ಕೊನೆಗೆ, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂಬ ಹಾಳು ಜಾಣತನ ಅವನ ತಲೆಗೆ ಹೊಕ್ಕಿತು. ಎದ್ದು ವಾದ್ಯ ತಂದ.

ಗಂಡನ ದೃಶ್ಯ ನುಡಿಸಿದ. ಎದುರಾಳಿ ಗಾಯಕಿಯ ದೃಶ್ಯ ನುಡಿಸಿದ. ಎರಡೂ ಹಾಳೆಯಲ್ಲಿದ್ದಂತೆಯೇ ಇದ್ದವು. "ಈಗ ಗಾಯಕಿ ನೀರು ಕುಡೀತಾಳೆ, ಹಾಳೆ ತಿರುವೋಳು ಪಕ್ಕದಲ್ಲೇ ಇದಾಳೆ" ಎಂದು ಹೇಳಿದ. ಮೇಷ್ಟ್ರು ಅಲ್ಲಿ ಹನ್ನೆರಡು ಎಣಿಕೆಯ ಮೌನ ಇಟ್ಟಿದ್ದರು. ಇವನು ಬಿಲ್ಲು ಎತ್ತಿ, ಆ ಹನ್ನೆರಡನ್ನೂ ಕೈಗೆ ಬಂದ ಸ್ವರಗಳಿಂದ ತುಂಬಿಬಿಟ್ಟ. ಮುಂದೆ ಮ್ಯಾನೇಜರು ಮೆಟ್ಟಿಲಿಳಿದು ಬರುವ ದೃಶ್ಯ. ಅಲ್ಲಿ ಹಾಳೆಯ ತುಂಬ ಗುರುಗುಟ್ಟುವ ಸ್ವರಗಳಿದ್ದವು. ಇವನು ಬಿಲ್ಲನ್ನು ತೊಡೆಯ ಮೇಲಿಟ್ಟು ಹನ್ನೆರಡು ಎಣಿಸಿದ. ಕೋಣೆಯಲ್ಲಿ ಅಕ್ಕನ ಉಸಿರು ಗೊರಗುಟ್ಟುವುದೊಂದೇ ಕೇಳುತ್ತಿತ್ತು. ಬಾಗಿಲಲ್ಲಿ ಹೆಂಡತಿ ಕೈ ಒರೆಸುತ್ತ ನಿಂತಿದ್ದಳು.

"ಮ್ಯಾನೇಜರು!" ಅಕ್ಕ ಹಾಸಿಗೆಯ ಮೇಲೆ ಮೆಲ್ಲಗೆ ತಟ್ಟಿದಳು. "ಸಿಕ್ಕಿಬಿದ್ದ ನೋಡು!"

"ನಾನೇನೂ ಹೇಳಲ್ಲಪ್ಪ" ಎಂದ ಇವನು.

"ನೀನು ಹೇಳೋದೇನು, ಅದೇ ಹೇಳ್ತಲ್ಲ."

ಸಂಜೆಯ ಮಾತ್ರೆ ತರಲು ಔಷಧಿ ಅಂಗಡಿಗೆ ಹೊರಟವನಿಗೆ ದಾರಿಯುದ್ದಕ್ಕೂ ಮನಸ್ಸು ಹಗುರವಾಗಿತ್ತು. ಅಕ್ಕನ ಆಸೆಯೂ ತೀರಿತು, ತನ್ನ ಮಾತೂ ಉಳಿಯಿತು, ಬೆಣ್ಣೆಯಿಂದ ಕೂದಲು ತೆಗೆದಂತೆ ಮುಗಿಸಿದೆ ಎಂದುಕೊಂಡ. ಆ ಹೊತ್ತಿನ ತನ್ನ ಖುಷಿಯನ್ನು ನೆನೆದರೆ ಇಂದಿಗೂ ಅವನಿಗೆ ಮೈ ಉರಿಯುತ್ತದೆ.

ಮರುದಿನ ಸಂಜೆ ಎಂದಿನಂತೆ ವಾದ್ಯ ಕೈಗೆತ್ತಿಕೊಂಡಾಗ ಅಕ್ಕ, "ಇವತ್ತು ಬೇಡ ಕಣೋ, ಸುಸ್ತು" ಎಂದಳು. ಅದರ ಮರುದಿನವೂ ಹಾಗೇ. ಹೆಂಡತಿಯಿಂದ ಪತ್ರಿಕೆ ಓದಿಸಿಕೊಂಡು ಕೇಳುತ್ತಿದ್ದಳು, ಬೀದಿಯ ಸುದ್ದಿ ಕೇಳುತ್ತಿದ್ದಳು, ನಗುತ್ತಲೂ ಇದ್ದಳು. ತಮ್ಮನ ಮೇಲಿನ ಪ್ರೀತಿಗೇನೂ ಕಡಿಮೆಯಿರಲಿಲ್ಲ. ಆದರೆ ವಾದ್ಯ ಮೂಲೆಯಲ್ಲೇ ಉಳಿಯಿತು. ರೋಗ ಬಲಿಯುತ್ತಿದೆ, ಸದ್ದು ಸಹಿಸುವುದಿಲ್ಲ ಎಂದು ಅವನು ತಿಳಿದ. ಹನ್ನೊಂದನೆಯ ದಿನ ಬೆಳಿಗ್ಗೆ, ಅವನು ಮುಖ ತೊಳೆದು ಬರುವಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದಳು.

ಮಾತಾಡಿಸಲು ಮೇಷ್ಟ್ರು ಬಂದರು. ಕುರ್ಚಿಯ ತುದಿಯಲ್ಲಿ ಕುಳಿತು, "ನಿಮ್ಮಕ್ಕನಂಥ ಕಿವಿ ನಮ್ಮ ತಂಡದಲ್ಲೇ ಇರಲಿಲ್ಲ ಬಿಡಯ್ಯ" ಎಂದರು. "ಈ ಸಿನಿಮಾ ನೋಡದೆ ಹೋದ್ರಲ್ಲ ಅಂತ ನನಗೂ ಬೇಜಾರು. ಹೋಗಲಿ, ಯಾರು ಕೊಂದದ್ದು ಅಂತ ನೀನಾದ್ರೂ ಹೇಳಿದೆ ತಾನೆ?"

"ಇಲ್ಲ ಮೇಷ್ಟ್ರೇ. ಮಾತು ಕೊಟ್ಟಿದ್ನಲ್ಲ."

ಮೇಷ್ಟ್ರು ಅವನನ್ನೇ ನೋಡಿದರು. "ಎಲ್ಲಾದ್ರೂ ಉಂಟಾ! ಅದು ಚಹಾ ಅಂಗಡಿ ಬಾಯಿಗಳಿಗೆ ಹಾಕಿದ ಬೀಗ ಕಣಯ್ಯ. ಸಾಯೋರಿಗೆ ಹೇಳಬೇಡ ಅಂತ ನಾನು ಯಾವಾಗ ಹೇಳಿದ್ದೆ? ನಮ್ಮತ್ತೆಗೆ ಗಟ್ಟಿಮುಟ್ಟಾಗಿರುವಾಗಲೇ ಪ್ರತಿ ಸಿನಿಮಾದ್ದೂ ನಾನೇ ಹೇಳ್ತೀನಿ, ಇಲ್ಲದಿದ್ರೆ ಮನೇಲಿ ಊಟ ಇಲ್ಲ." ಹೀಗೆ ಹೇಳಿದ ಮೇಲೆ ತಾವು ಆಡಬಾರದ್ದನ್ನು ಆಡಿದೆವೆಂದು ತಿಳಿದು, ಚಹಾ ಲೋಟ ಅರ್ಧಕ್ಕೇ ಇಟ್ಟು ಎದ್ದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು ಅವನ ಪಾಡು. ಯಾರೂ ಕಾಯಲು ಹೇಳದ ಬಾಗಿಲನ್ನು ತಾನು ಕಾದು ನಿಂತು, ಒಳಗೆ ಬರಬೇಕಾದವಳನ್ನೇ ತಡೆದೆ ಎಂದು ಹೆಂಡತಿಯ ಮುಂದೆ ಮತ್ತೆ ಮತ್ತೆ ಹೇಳಿಕೊಂಡ. ಕೊನೆಗೆ ಒಂದು ಸಮಾಧಾನವನ್ನೂ ಅವನೇ ಹುಡುಕಿಕೊಂಡ. ಅಕ್ಕ ಮೋಸ ಹೋದದ್ದು ನಿಜ, ಆದರೆ ಮೋಸ ಹೋದೆನೆಂದು ಅವಳಿಗೆ ತಿಳಿಯಲಿಲ್ಲವಲ್ಲ; ಗೆದ್ದೆನೆಂದುಕೊಂಡೇ ಹೋದಳಲ್ಲ. ಈ ಮಾತು ಬಂದಾಗೆಲ್ಲ ಹೆಂಡತಿ ಏನಾದರೊಂದು ಕೆಲಸದ ನೆಪ ಮಾಡಿ ಎದ್ದು ಹೋಗುತ್ತಿದ್ದಳು. ಅಳು ತಡೆಯಲಾರದೆ ಹೋಗುತ್ತಾಳೆ ಎಂದು ಅವನು ತಿಳಿದಿದ್ದ.

ನಾಲ್ಕು ತಿಂಗಳಾದ ಮೇಲೆ ಸಿನಿಮಾ ಬಂತು. ಮೊದಲ ವಾರದ ಮಧ್ಯಾಹ್ನದ ಆಟಕ್ಕೆ ಗಂಡ ಹೆಂಡತಿ ಇಬ್ಬರೇ ಹೋದರು. ಪರದೆಯ ಮೇಲೆ ಗಾಯಕಿ ನೀರಿನ ಲೋಟಕ್ಕೆ ಕೈ ಚಾಚಿದಳು, ಪಕ್ಕದಲ್ಲಿ ಹಾಳೆ ತಿರುವುವ ಹೆಂಗಸು ತಲೆ ಬಗ್ಗಿಸಿ ಕುಳಿತಿದ್ದಳು. ಚೆಲ್ಲೊಗಳು ನಿಂತವು. ಇವನು ಕತ್ತಲಲ್ಲಿ ಎಣಿಸತೊಡಗಿದ. ಆಗ ಹೆಂಡತಿ, ತನಗೆ ತಾನೇ ಎಂಬಂತೆ, "ಅತ್ತಿಗೆ ಇವಳೇ ಅಂದಿದ್ರು" ಎಂದಳು.

ಅವನ ಎಣಿಕೆ ತಪ್ಪಿತು. ತೋಳು ಹಿಡಿದು ಅವಳನ್ನು ಹೊರಗೆ ಕರೆತಂದ. ಟಿಕೆಟ್ ಕೊಡುವ ಕಿಂಡಿಯ ಎದುರು, ಬಿಸಿಲು ಬೀಳುವ ಮೆಟ್ಟಿಲ ಮೇಲೆ ಇಬ್ಬರೂ ಕುಳಿತರು.

"ಯಾವಾಗ ಅಂದ್ರು?"

"ಅವತ್ತೇ. ನೀವು ಮಾತ್ರೆ ತರೋಕೆ ಹೋದ್ರಲ್ಲ, ಆಗ. ನಾನು, 'ಮ್ಯಾನೇಜರಾ ಅತ್ತಿಗೆ?' ಅಂತ ಕೇಳಿದೆ. 'ಅಲ್ಲ ಕಣೇ, ಆ ಹಾಳೆ ತಿರುವೋಳು' ಅಂದ್ರು. ಅಲ್ಲಿ ನೀವು ನುಡಿಸಿದ್ದು ಮೇಷ್ಟ್ರದ್ದಲ್ವಂತೆ. ಚಿಕ್ಕೋನಾಗಿದ್ದಾಗ ಪಾಠ ಮರೆತಾಗೆಲ್ಲ ನೀವು ಅದನ್ನೇ ನುಡಿಸಿ ತೇಲಿಸ್ತಿದ್ರಂತೆ."

"ಮತ್ತೆ ಮ್ಯಾನೇಜರು ಅಂತ ಯಾಕಂದ್ರು ನನ್ನ ಹತ್ರ?"

"ನಿಮ್ಮ ಮಾತು ಉಳೀಲಿ ಅಂತ. 'ಪಾಪ, ಅಷ್ಟು ಕಷ್ಟಪಟ್ಟ, ಗೆದ್ದೆ ಅಂತ ಇರಲಿ' ಅಂದ್ರು. ಸಿನಿಮಾ ಬರೋವರೆಗೆ ನಿಮಗೆ ಹೇಳಬಾರದು ಅಂತ ನನ್ನ ಹತ್ರ ಮಾತು ತಗೊಂಡ್ರು."

ಒಳಗೆ ಸಿನಿಮಾ ಓಡುತ್ತಿತ್ತು. ಬಾಗಿಲ ಸಂದಿಯಿಂದ ಅವನದೇ ವಾದ್ಯದ ಸದ್ದು ಆಗಾಗ ಬರುತ್ತಿತ್ತು. ಅಕ್ಕ ಇನ್ನೂ ಏನಾದರೂ ಹೇಳಿದಳೇ ಎಂದು ಅವನು ಕೇಳಿದ. ಹೆಂಡತಿ ಸೆರಗಿನ ತುದಿ ಮಡಿಸುತ್ತ, ಬಿಚ್ಚುತ್ತ ಕುಳಿತಳು.

"ಹೇಳೇ. ಸಿನಿಮಾ ಬಂದಾಯ್ತಲ್ಲ."

"'ಬಾಯಲ್ಲಿ ಅವನು ನನಗೆ ನೂರು ಸುಳ್ಳು ಹೇಳಿದಾನೆ, ಕೈಯಲ್ಲಿ ಒಂದೂ ಹೇಳಿರಲಿಲ್ಲ' ಅಂದ್ರು." ಅವಳ ದನಿ ಸಣ್ಣದಾಯಿತು. "ಮಾರನೇ ದಿನ ಬೇಡ ಅಂದ್ರಲ್ಲ, ಆಮೇಲೆ ನಾನೇ ಕೇಳಿದೆ, ಯಾಕತ್ತಿಗೆ, ಒಂದು ಸ್ವಲ್ಪ ನುಡಿಸ್ಲಿ ಅಂತ. 'ಬೇಡ ಕಣೇ. ಇನ್ನು ಅವನು ಏನು ನುಡಿಸಿದ್ರೂ ಯಾವುದು ನಿಜ, ಯಾವುದು ಸುಳ್ಳು ಅಂತ ಹುಡುಕ್ತಾ ಕೂರ್ತೀನಿ. ನನಗೆ ಕೇಳಬೇಕು ಅಂತ ತುಂಬಾ ಆಸೆ ಇದೆ, ಆದ್ರೆ ಹಂಗೆ ಕೇಳೋಕೆ ಇಷ್ಟ ಇಲ್ಲ' ಅಂದ್ರು."

ಆಟ ಮುಗಿದು ಜನ ಹೊರಗೆ ಬರತೊಡಗಿದರು. ಹಾಳೆ ತಿರುವುವವಳೇ ಕೊಂದದ್ದೆಂದು ಯಾರಿಗೂ ಅನುಮಾನವೇ ಬರಲಿಲ್ಲವೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ, ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದ ಗಂಡಸನ್ನು ಬಳಸಿಕೊಂಡು ಇಳಿದು ಹೋದರು.